ಒಗೆದುಹೋದ ಕೊನೆಯ ಪುಟ

ನನ್ನ ಮನೆಯವಳಾದ ವಿಮಲಾಗೆ,

ನಿನ್ನೆ ಬೆಳಿಗ್ಗೆ ನಿನ್ನ ಶಿಷ್ಯೆ ಶಶಿಕಲಾ ಬಂದಿದ್ದಳು. ನೀನು ಪಾಠ ಮಾಡುತ್ತಿದ್ದ ಜಯನಗರದ ಕಾಲೇಜಿನಲ್ಲೇ ಈಗ ಅವಳೂ ಬಯಾಲಜಿ ಹೇಳುತ್ತಾಳೆ. ತಲೆ ನರೆತಿದೆ. ನೀನು ಹೋದ ಮೇಲೆ ಕಾಫಿ ನನ್ನದೇ ಕೆಲಸ, ನಾನೇ ಮಾಡಿದೆ. ಡಿಕಾಕ್ಷನ್ ನೀರಾಗಿತ್ತು, ಪಾಪ, ಕುಡಿದಳು. ನಿನ್ನ ಆ ಕನ್ನಡ ಲೇಖನವನ್ನು ಪುಸ್ತಕಕ್ಕೆ ಹಾಕುತ್ತಾಳಂತೆ. "ಅಂಕಲ್, ಕೊನೇ ಪುಟ ಮನೇಲಿದ್ಯಾ? ಎಡಿಟರ್ ಕತ್ತರಿಸಿಬಿಟ್ರು ಅಂತ ಮೇಡಂ ತುಂಬಾ ಬೇಜಾರ್ ಮಾಡ್ಕೋತಿದ್ರು" ಅಂದಳು. ಹುಡುಕುತ್ತೇನಮ್ಮ ಅಂದೆ. ಇಲ್ಲವೆಂದು ಗೊತ್ತಿದ್ದೂ.

ನಿಮ್ಮಮ್ಮನ ಆಪರೇಷನ್ನಿಗೆ ನೀನು ಆಸ್ಪತ್ರೆಯಲ್ಲಿದ್ದ ವಾರ ನೆನಪಿದೆಯಾ? ಕಾಲೇಜಿನ ಸ್ಮರಣ ಸಂಚಿಕೆಗೆ ಲೇಖನ ಕೊಡಲು ಕಡೆಯ ದಿನ ಬಂದಿತ್ತು. "ರೀ, ನಿಮ್ಮ ಅಕ್ಷರ ಚೆನ್ನಾಗಿದೆ, ಫೇರ್ ಕಾಪಿ ಮಾಡಿ ಕೊಟ್ಬಿಡಿ" ಅಂದೆ ನೀನು. ತ್ಯಾಗರಾಜನಗರದ ಇದೇ ಮನೆಯ ಇದೇ ಮೇಜು. ಲೇಖನ ಪ್ರೋಟೀನು ಕಟ್ಟುವ ಕಿಣ್ವಗಳ ವಿಷಯ. ಒಂದೊಂದು ಅಮೈನೋ ಆಮ್ಲವನ್ನೂ ಅದಕ್ಕೆ ತಕ್ಕ ಸಾಗಣೆಯ ಅಣುವಿಗೆ ಜೋಡಿಸುವುದು ಅವುಗಳ ಕೆಲಸ. ಆ ಕೆಲಸ ಮಾಡುವ ನಡುಭಾಗ ಬ್ಯಾಕ್ಟೀರಿಯಾದಿಂದ ನಮ್ಮವರೆಗೂ ಬಂದ ಹಳೆಯದು. ದಾರಿಯುದ್ದಕ್ಕೂ ಅದಕ್ಕೆ ಹೊಸ ಹೊಸ ತುಂಡುಗಳು ಸೇರಿಕೊಂಡಿವೆ. ನೀನು ಡೊಮೈನ್ ಅನ್ನುತ್ತಿದ್ದೆ, ನಾನು ಬಾಲ ಅನ್ನುತ್ತಿದ್ದೆ. ಕೆಲವು ಬಾಲಗಳು ಪ್ರೋಟೀನು ಕಟ್ಟುವುದಕ್ಕೆ ಬೇಕೇ ಇಲ್ಲ, ಆದರೂ ಜೀವ ಅವನ್ನು ಬಿಟ್ಟುಕೊಟ್ಟಿಲ್ಲ, ಬೇರೇನೋ ಕೆಲಸವಿರಬೇಕು ಎಂದು ಕೊನೆಯ ಪುಟದಲ್ಲಿ ನೀನು ಬರೆದಿದ್ದೆ. ಇರಬೇಕು, ಅಷ್ಟೇ. ಪುರಾವೆ ಇರಲಿಲ್ಲ. ಬಿ.ಎ.ಯಲ್ಲಿ ಪ್ರೆಸಿ ರೈಟಿಂಗಿಗೆ, ಉದ್ದದ್ದನ್ನು ಚಿಕ್ಕದಾಗಿ ಬರೆಯುವುದಕ್ಕೆ, ನನ್ನದು ದೊಡ್ಡ ಹೆಸರಲ್ಲವೇ? ಮೂರರಲ್ಲೊಂದು ಪಾಲು ಉಳಿಸು, ಮಿಕ್ಕದ್ದು ರಿಡಂಡೆಂಟ್, ಬೇಡದ್ದು. ರಿಡಂಡೆಂಟೋ, ರಿಡಂಡನ್ಸಿಯೋ, ಈಗ ಮರೆತಿದೆ. ಆ ಪುಟವನ್ನು ಬಿಟ್ಟುಬಿಟ್ಟೆ, ವಿಮಲಾ. ನಿನಗೆ ಉಪಕಾರ ಮಾಡಿದೆ ಅಂದುಕೊಂಡು...

ನಿನಗೆ ತೋರಿಸಿ ಹೇಳೋಣವೆಂದು ಪುಟವನ್ನು ಮಡಚಿ ಜೇಬಿನಲ್ಲಿಟ್ಟಿದ್ದೆ. ಆಸ್ಪತ್ರೆಯ ಓಡಾಟದಲ್ಲಿ ಮರೆತೆ. ಅಂಗಿ ಒಗೆಯಲು ಹೋಯಿತು. ಒಣಹಾಕುವಾಗ ನೀನು ಜೇಬಿನಿಂದ ಬಿಳಿ ಮುದ್ದೆ ತೆಗೆದೆ. "ಏನ್ರೀ ಇದು, ಜೇಬಲ್ಲಿ ಹತ್ತಿ ಬೆಳೀತಿದೀರಾ?" ಬಸ್ ಟಿಕೆಟ್ಟು ಕಣೇ ಅಂದೆ. "ಇಷ್ಟು ದೊಡ್ಡ ಟಿಕೆಟ್ಟಾ? ಕಾಶಿಗೆ ಹೋಗಿದ್ರಾ?" ಇಬ್ಬರೂ ನಕ್ಕೆವು. ಸಂಚಿಕೆ ಅಚ್ಚಾಗಿ ಬಂದ ದಿನ ನೀನು ಲೇಖನದ ಕೊನೆಗೆ ಬಂದು, ಹಾಳೆ ತಿರುಗಿಸಿದೆ. ಮತ್ತೆ ಹಿಂದಕ್ಕೆ ತಿರುಗಿಸಿದೆ. "ನನ್ನ ಕನ್ನಡ ಎಡಿಟರ್‌ಗೆ ರುಚಿಸ್ಲಿಲ್ಲ, ಬಿಡಿ" ಅಂದೆ. ಹೋಗಿ ಕೇಳಲೂ ಇಲ್ಲ, ಆಮೇಲೆ ಕನ್ನಡದಲ್ಲಿ ಒಂದು ಸಾಲು ಬರೆಯಲೂ ಇಲ್ಲ. ಅವತ್ತಾದರೂ ಬಾಯಿ ಬಿಡಬಹುದಿತ್ತಲ್ಲ ನಾನು?

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಶಶಿಕಲಾ ಒಂದು ವಿಷಯ ಹೇಳಿದಳು. ಅಂಥ ಒಂದು ಬಾಲ, ಮೈಯಲ್ಲಿ ರಕ್ತನಾಳಗಳು ಸರಿಯಾಗಿ ಬೆಳೆಯಲು ಬೇಕೇ ಬೇಕೆಂದು ಆಮೇಲೆ ಗೊತ್ತಾಯಿತಂತೆ. ಪ್ರೋಟೀನು ಕಟ್ಟುವುದಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. "ಮೇಡಂ ಕ್ಲಾಸಲ್ಲಿ ಅವಾಗ್ಲೇ ಹೇಳಿದ್ರಲ್ಲ ಅಂಕಲ್" ಅಂದಳು. ನಾನು ಗೇಟು ತೆಗೆದುಕೊಟ್ಟೆ. ಇದನ್ನು ಕೇಳಬೇಕಾದವಳು ನೀನು. ನಾನು ಕೇಳಿಸಿಕೊಂಡು ಏನು ಮಾಡಲಿ?

ಭಾನುವಾರ ಅವಳು ಮತ್ತೆ ಬರುತ್ತಾಳೆ. ಕತ್ತರಿಸಿದ್ದು ಎಡಿಟರಲ್ಲ, ನಾನು ಎಂದು ಹೇಳುತ್ತೇನೆ. ಲೇಖನದ ಕೆಳಗೆ ಹಾಗೆಯೇ ಅಚ್ಚು ಹಾಕು ಎಂದೂ ಹೇಳುತ್ತೇನೆ. ಇಷ್ಟು ನನ್ನ ಕೈಲಾಗುತ್ತದೆ. ಆದರೆ ಪುಟ? ನಿನ್ನೆಯಿಂದ ಕೂತು ನೆನೆಸಿಕೊಂಡು ಬರೆಯುತ್ತಿದ್ದೇನೆ. ನಿನ್ನ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. 'ಜೇಬಿಲ್ಲದಿದ್ದರೂ ಅಂಗಿ ಮೈ ಮುಚ್ಚುತ್ತದೆ. ಆದರೆ ಯಾರೋ ಒಮ್ಮೆ ಜೇಬು ಹೊಲಿದ ಮೇಲೆ...'

ಅಲ್ಲಿಂದ ಮುಂದಕ್ಕೆ ನೀನು ಏನು ಬರೆದಿದ್ದೆ, ವಿಮಲಾ?