ಸಮಪಾಲಿನ ವೈಫೈ

ಮನೆ ಮಾಲೀಕರಿಗೆ,

ರೂಟರ್‌ನಲ್ಲಿ ಪ್ರತಿ ಬಾಡಿಗೆದಾರನ ವೇಗಕ್ಕೂ ಮಿತಿ ಹಾಕಿ, "ಸಮಾನತೆ ಅಂತ ಬಾಯಿ ಬಡ್ಕೋತಿದ್ಯಲ್ಲಪ್ಪಾ, ತಗೋ, ಎಲ್ಲರಿಗೂ ಸಮಪಾಲು" ಎಂದು ಮೆಟ್ಟಿಲ ಮೇಲೆ ನಿಂತು ನಕ್ಕಿರಿ. ನಿಮ್ಮ ಫೋನಿಗೆ ಮಾತ್ರ ಮಿತಿಯಿಲ್ಲ. ಇಂಥ ಸಮಾನತೆಯನ್ನು ನಿಮ್ಮಂಥವರೇ ಕಂಡುಹಿಡಿಯಬೇಕು.

ಮೇಲಿನ ಕೋಣೆಯ ಟೈಲರ್ ಅಕ್ಕನಿಗೆ ಕಿವಿ ಕೇಳದು, ಮಾತು ಬಾರದು. ದೂರದಲ್ಲಿರುವ ಮಗಳ ಜೊತೆ ವಿಡಿಯೊದಲ್ಲಿ ಕೈಸನ್ನೆಯಿಂದಲೇ ಮಾತಾಡುತ್ತಾರೆ. ನೀವು ಮಿತಿ ಹಾಕಿದಾಗಿನಿಂದ ಮಗಳ ಕೈಗಳು ಪರದೆಯ ಮೇಲೆ ಅರ್ಧಕ್ಕೇ ನಿಂತುಬಿಡುತ್ತಿವೆ. ಅದನ್ನು ಹೇಳಿದರೆ, "ಫೋನ್ ಮಾಡಿ ಮಾತಾಡ್ಲಿ ಬಿಡೋ" ಅಂದಿರಿ! ನಿಮಗೆ ಇನ್ನೂ ವಿವರಿಸುವಷ್ಟು ತಾಳ್ಮೆ ನನಗಿಲ್ಲ.

ನಿಮ್ಮ ಪಾಲು ಕೇಳುತ್ತಿಲ್ಲ, ನೀವು ಕೊಡುವವರಲ್ಲ. ನನ್ನ ಪಾಲನ್ನು ಪೂರ್ತಿ ತೆಗೆದು ಅಕ್ಕನಿಗೆ ಸೇರಿಸಿ. ಸಂಜೆಯೊಳಗೆ ಆಗಬೇಕು. ನಾಳೆ ಮಗಳಿಗೆ ಆಪರೇಷನ್.

ನಿಮ್ಮ ವಿಧೇಯನಲ್ಲದ,
ಕೆಳಗಿನ ಕೋಣೆಯವನು