ಒಲೆ ವಾಪಸ್ ಕೊಡು

ಗುರುವಾರ, ಮಧ್ಯಾಹ್ನ

ಒಲೆ ಹೊತ್ತೊಯ್ದ ಮಗಳಿಗೆ, ಒಲೆ ಕಳೆದುಕೊಂಡ ತಾಯಿಯ ಆಶೀರ್ವಾದ.

ಫೋನಿನಲ್ಲಾದರೆ ನೀನೇ ಮಾತಾಡುತ್ತೀಯ, ನನ್ನ ಸರದಿ ಬರುವುದೇ ಇಲ್ಲ. ಅದಕ್ಕೇ ಈ ಪತ್ರ. ರಿಪೇರಿಗೆ ಅಂತ ಅಳಿಯಂದಿರು ಒಲೆ ಹೊತ್ತುಕೊಂಡು ಹೋಗಿ ತಿಂಗಳಾಯಿತು. ಪಾಪ, ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಮೆಟ್ಟಿಲು ಇಳಿಯುವಾಗ ಮುಖವೆಲ್ಲ ಕೆಂಪಾಗಿತ್ತು. ಅಮ್ಮನಿಗೆ ಮರೆವು, ಕುಕ್ಕರ್ ಇಟ್ಟು ಮರೆತು ತಳ ಸುಟ್ಟಳು, ಇನ್ನು ಅಡುಗೆ ಸಾಕು, ಹೊರಗಿನಿಂದ ಊಟದ ಡಬ್ಬಿ ಬರಲಿ ಅಂತ ನೀವಿಬ್ಬರೇ ತೀರ್ಮಾನ ಮಾಡಿಬಿಟ್ಟಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ನಿನ್ನ ಅಜ್ಜಿ, ನನ್ನಮ್ಮ, ಇಸ್ತ್ರಿ ಅಂಗಡಿ ಇಟ್ಟಿದ್ದವಳು. ಮುಂದಿನ ಕೋಣೆಯಲ್ಲಿ ಇಸ್ತ್ರಿ, ಹಿಂದಿನದರಲ್ಲಿ ಒಲೆ, ನಡುವೆ ಒಂದು ಪರದೆ. ಕಾದ ಇಸ್ತ್ರಿಪೆಟ್ಟಿಗೆ ಬಿಟ್ಟು ಏಳುವಂತಿಲ್ಲ, ಗಿರಾಕಿಯ ಅಂಗಿ ಸುಟ್ಟೀತು. ಅದಕ್ಕೇ ನನ್ನನ್ನು ಪಾತ್ರೆಯ ಮುಂದೆ ಕೂರಿಸಿ, ಏನ್ ಸದ್ದು ಬರ್ತಿದೆ ಹೇಳೇ ಅಂತ ಅಲ್ಲಿಂದಲೇ ಕೂಗುತ್ತಿದ್ದಳು. ಕೊತಕೊತ ಅಂತಿದೆ ಅಂದರೆ, ಉರಿ ತಗ್ಗಿಸು ಅನ್ನುವಳು. ಚಿಟಿಚಿಟಿ ಅಂತಿದೆ ಅಂದರೆ, ನೀರು ಇಂಗ್ತು, ಇಳಿಸು ಅನ್ನುವಳು. ನಾನು ಅಡುಗೆ ಕಲಿತದ್ದು ಹೀಗೆ, ಕಿವಿಯಿಂದ. ಅನ್ನ ಎಷ್ಟೋ ಸಲ ಗಂಜಿಯಾಗುತ್ತಿತ್ತು, ಇಬ್ಬರೂ ನಕ್ಕು ಉಣ್ಣುತ್ತಿದ್ದೆವು. ಅಷ್ಟು ರುಚಿಯಾದ ಊಟ ಆಮೇಲೆ ನನಗೆ ಸಿಕ್ಕಿಲ್ಲ.

ಮದುವೆಯಾದ ಮೇಲೆ ನಿಮ್ಮಪ್ಪನ ಬಾಯಿಂದ ಪರವಾಗಿಲ್ಲ ಅನ್ನುವುದರಾಚೆ ಮಾತು ಬರಲಿಲ್ಲ. ನಾನೂ ಅವರ ಹೊಗಳಿಕೆಗಾಗಿ ಬೇಯಿಸಿದವಳಲ್ಲ. ಈರುಳ್ಳಿ ಎಣ್ಣೆಗೆ ಬಿದ್ದ ಸದ್ದು ಕೇಳಿದರೆ ನನ್ನ ಅರ್ಧ ಸಿಟ್ಟು ಇಳಿಯುತ್ತಿತ್ತು. ನೀನೋ, ಕಟ್ಟಿಕೊಟ್ಟ ಡಬ್ಬಿಯನ್ನು ಹಾಗೇ ವಾಪಸ್ ತಂದು ಹೊಟ್ಟೆನೋವು ಅನ್ನುತ್ತಿದ್ದವಳು. ಈಗ ನನಗೇ ಊಟದ ಪಾಠ ಹೇಳುತ್ತೀಯ.

ಸರಿ, ನಿಜ ಹೇಳುತ್ತೇನೆ. ನನಗೆ ಮರೆವಿಲ್ಲ, ಕಿವಿ ಮಂದವಾಗಿದೆ. ಅವತ್ತು ಕುಕ್ಕರ್ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತ ಕೂತಿದ್ದೆ. ಇದಕ್ಕೇನು ಬಂತು, ಇನ್ನೂ ಕೂಗಲಿಲ್ಲವಲ್ಲ ಅಂತ ಅದನ್ನೇ ಬೈಯುತ್ತಿದ್ದೆ. ಕಿವಿಯಿಂದ ಅಡುಗೆ ಕಲಿತವಳು ಕಿವಿ ಹೋಯಿತು ಅಂತ ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಯಿತು. ನೀನು ಮರೆವು ಅಂದಾಗ ಸುಮ್ಮನಿದ್ದೆ, ಸುಮ್ಮನಿದ್ದದ್ದಕ್ಕೆ ಒಲೆಯೇ ಹೋಯಿತು.

ಈಗ ಕಿವಿಯ ಕೆಲಸವನ್ನು ಕೈಗೆ ಕೊಟ್ಟಿದ್ದೇನೆ. ಮರದ ಸೌಟಿನ ಒಂದು ತುದಿಯನ್ನು ಮುಚ್ಚಳಕ್ಕೆ ಒತ್ತಿ, ಇನ್ನೊಂದನ್ನು ಅಂಗೈಯಲ್ಲಿ ಹಿಡಿದರೆ ಕುದಿ ಬಂದದ್ದು, ನೀರು ಇಂಗಿದ್ದು ಎಲ್ಲ ನಡುಕದಲ್ಲೇ ತಿಳಿಯುತ್ತದೆ. ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದೇನೆ.

ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಬರುತ್ತೇನೆ. ಯಂತ್ರ ಹಾಕಿಸು, ಹಾಕಿಕೊಳ್ಳುತ್ತೇನೆ. ಆದರೆ ಇನ್ನೊಬ್ಬರು ಕಳಿಸುವ ಡಬ್ಬಿಗಾಗಿ ಬಾಗಿಲು ನೋಡುತ್ತ ಕೂರುವವಳು ನಾನಲ್ಲ. ಭಾನುವಾರದೊಳಗೆ ಒಲೆ ಬರಬೇಕು. ಬರದಿದ್ದರೆ ಸೋಮವಾರ ನಾನೇ ಹೊಸದು ತರುತ್ತೇನೆ. ಅದನ್ನು ಹೊತ್ತೊಯ್ಯಲು ಅಳಿಯಂದಿರನ್ನು ಕಳಿಸಿ ನೋಡು.

ಬುದ್ಧಿ ನೆಟ್ಟಗಿರುವ,
ನಿನ್ನ ಅಮ್ಮ

ಮರೆತದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಮನೆಯಲ್ಲಿ ಒಲೆಯಿಲ್ಲದೆ ಸೌಟಿನ ವಿದ್ಯೆ ಎಲ್ಲಿ ಕಲಿತೆ ಅಂತ ಕೇಳುತ್ತೀಯ. ನನಗೆ ಡಬ್ಬಿ ಕಳಿಸಲು ಗೊತ್ತುಮಾಡಿದ್ದೀಯಲ್ಲ, ನಿನ್ನ ಆಫೀಸಿನವರೆಲ್ಲ ಉಣ್ಣುವ ಆ ಊಟದ ಮನೆ, ಅಲ್ಲಿಗೆ ಜಗಳಕ್ಕೆ ಹೋಗಿದ್ದೆ. ಬೇಳೆ ಬೆಂದಿಲ್ಲ ಅಂದೆ. ಅಷ್ಟು ಗೊತ್ತಿದ್ರೆ ನೀವೇ ಮಾಡಿ ತೋರ್ಸಿ ಅಂದಳು ಒಡತಿ. ತೋರಿಸಿದೆ. ಅವತ್ತಿನಿಂದ ಬೆಳಗಿನ ಹೊತ್ತು ಅಲ್ಲಿನ ಬೇಳೆ ನನ್ನದೇ. ಮೊನ್ನೆ ನೀನು ಅದನ್ನು ಎರಡು ಸಲ ಹಾಕಿಸಿಕೊಂಡು, ಇಂಥ ಅಡುಗೆ ಸಿಗೋವಾಗ ನಮ್ಮಮ್ಮ ಯಾಕೆ ಒಲೆ ಮುಂದೆ ನಿಲ್ಬೇಕು ಹೇಳಿ ಅಂದೆಯಂತೆ. ನಾನು ಗೋಡೆಯ ಆಚೆಗೇ ಇದ್ದೆ. ನನಗೆ ಕೇಳಿಸಲಿಲ್ಲ, ಒಡತಿ ಬಂದು ಕಿವಿಯಲ್ಲಿ ಕೂಗಿ ಹೇಳಿದಳು.