ಕೇದಗೆ ತೋಪಿನ ಕಸ ನಮಗೆ ಬೇಕು

ಉದ್ಯಾನಗಳ ಅಂದಚೆಂದ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಈ ದ್ವೀಪದ ಸಮಸ್ತ ನಿವಾಸಿಗಳಿಗೆ, ನೆರೆಯ ದ್ವೀಪಗಳ ಬಂಧುಗಳಿಗೆ, ಈ ಹೊತ್ತು ಕಡಲಿನಲ್ಲಿರುವ ಎಲ್ಲ ಹಡಗುಗಳಿಗೆ ಈ ಪತ್ರಿಕೆಯ ಮೂಲಕ ತಿಳಿಯಪಡಿಸುವುದೇನೆಂದರೆ: ಪುನಾ ಕರಾವಳಿಯ ದೋಣಿಕಟ್ಟೆ ಉದ್ಯಾನದಲ್ಲಿ ಈಗ ಒಂದೇ ಒಂದು ಒಣಗಿದ ಎಲೆಯೂ ಇಲ್ಲ. ಈ ಸಾಧನೆ ತಮ್ಮದು. ನಮ್ಮ ದೂರು ಕೂಡ ಅದೇ.

ಪ್ರತಿ ಶನಿವಾರ ಆ ಉದ್ಯಾನದ ಚಪ್ಪರದಡಿ ನಡೆಯುವ ನಮ್ಮ ಕೂಟ ತಮಗೆ ಗೊತ್ತೇ ಇದೆ. ಒಂದು ಮೂಲೆಯಲ್ಲಿ ಹುಲಾ ನೃತ್ಯ, ಇನ್ನೊಂದು ಮೂಲೆಯಲ್ಲಿ ಸೋರೆಬುರುಡೆಯ ತಾಳ, ನಡುವೆ ಚಾಪೆ ಹೆಣೆಯುವವರು. ಬಲ್ಲವರು ಕಲಿಸುತ್ತಾರೆ, ಅರಿಯದವರು ಕಲಿಯುತ್ತಾರೆ, ಯಾರಿಗೂ ಸಂಬಳವಿಲ್ಲ. ಶುಲ್ಕವೆಂದರೆ ಮನೆಯಿಂದ ತಿನ್ನಲು ಏನಾದರೂ ತರುವುದು. ನಾನು ಕೆಸುವಿನ ಗಡ್ಡೆ ಅರೆದ ಪೋಯ್ ತರುತ್ತೇನೆ. ಅದನ್ನು ತಿಂದವರು ನನ್ನ ಹೆಣಿಗೆಯನ್ನು ಕ್ಷಮಿಸುತ್ತಾರೆ. ಈ ಕೂಟಕ್ಕೆ ತಮ್ಮ ಇಲಾಖೆ ಪ್ರಶಂಸಾಪತ್ರ ಕೊಡುವುದೆಂದು ತೀರ್ಮಾನವಾಯಿತು. ಸಂತೋಷ. ಕೊಡಲು ತಾವೇ ದಯಮಾಡಿಸುವಿರೆಂದಾಯಿತು. ಅದೂ ಸಂತೋಷ. ತಾವು ಬರುವ ಹೊತ್ತಿಗೆ ಜಾಗ ಚೊಕ್ಕಟವಾಗಿರಲೆಂದು, ಕೇದಗೆ ಮರಗಳಲ್ಲಿ ಜೋತಾಡುತ್ತಿದ್ದ ‘ಕಸ’ವನ್ನೆಲ್ಲ ಕತ್ತರಿಸಿ, ಯಂತ್ರಕ್ಕೆ ಹಾಕಿ ಪುಡಿ ಮಾಡಿ, ಆ ಪುಡಿಯನ್ನು ಕಾರು ನಿಲ್ಲಿಸುವ ಜಾಗದ ಸುತ್ತ ಹರಡಲಾಯಿತು. ಚಾಪೆ ಹೆಣೆಯುವವರನ್ನು ಸನ್ಮಾನಿಸುವ ಸಲುವಾಗಿ ಅವರ ಚಾಪೆಯನ್ನೇ ನುಣ್ಣಗೆ ಅರೆದು ಚಕ್ರಗಳ ಕೆಳಗೆ ಹಾಸಿದ ಇಲಾಖೆ ಲೋಕದಲ್ಲಿ ಇನ್ನೊಂದಿದ್ದರೆ, ದಯವಿಟ್ಟು ಅವರ ವಿಳಾಸ ಕೊಡಿ. ಅವರಿಗೂ ಒಂದು ಪತ್ರ ಬರೆಯುತ್ತೇನೆ.

ಮರದಲ್ಲೇ ಒಣಗಿ ತೂಗುವ ಎಲೆಯೇ ನಮ್ಮ ನೂಲು, ಮಾನ್ಯರೇ. ಅದನ್ನು ಬಿಡಿಸಿ, ಅಂಚಿನ ಮುಳ್ಳು ಸೀಳಿ ತೆಗೆದು, ಒರೆಸಿ, ಸುರುಳಿ ಸುತ್ತಿಡುತ್ತೇವೆ. ತೋಪೂ ತಾನಾಗಿ ಚೊಕ್ಕಟವಾಗುತ್ತದೆ. ಅಂದರೆ ತಮ್ಮ ಇಲಾಖೆ ಹುಟ್ಟುವ ಎಷ್ಟೋ ಮೊದಲಿನಿಂದ ತಮ್ಮ ಇಲಾಖೆಯ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಂಡು ಬಂದವರು ನಾವು. ನಮ್ಮನ್ನು ಕೊಳಕರೆಂದು ಮಾತ್ರ ಎಣಿಸಬೇಡಿ. ಜ್ವಾಲಾಮುಖಿಯ ದೇವತೆ ಪೆಲೆ ಅಜ್ಜಿ ಲಾವಾ ಆಗಿ ಬೆಟ್ಟ ಇಳಿಯುತ್ತಿದ್ದಾಳೆ ಎಂದಾಗಲೂ ಮನೆ ಗುಡಿಸಿ, ಒರೆಸಿ, ಬಾಗಿಲು ತೆರೆದಿಟ್ಟು ಹೊರಟ ಜನ ನಾವು. ಬೆಟ್ಟದ ಮೇಲಿದ್ದ ದೊಡ್ಡ ಕೇದಗೆ ತೋಪನ್ನು ಅವಳು ಹಾಗೆ ತೆಗೆದುಕೊಂಡಳು. ಅದಕ್ಕೆ ತಕರಾರಿಲ್ಲ. ಜಾಗ ಅವಳದು, ಮೇಲಾಗಿ, ಬರುವ ಮುನ್ನ ನೆಲ ನಡುಗಿಸಿ ಸೂಚನೆ ಕೊಟ್ಟಿದ್ದಳು. ತಮ್ಮ ಇಲಾಖೆಯಿಂದ ಅಷ್ಟೂ ಆಗಲಿಲ್ಲವೇ?

ಈಗ ನಷ್ಟದ ವಿಚಾರ. ನಮಗೆ ಚಾಪೆ ಕಲಿಸುವ ಲಹೇಲಾ ಆಂಟಿ ಈ ಬೇಸಿಗೆ ಕಳೆಯುತ್ತಲೇ ಲಾಸ್ ವೇಗಸ್‌ಗೆ ಹೊರಡುತ್ತಾರೆ. ಜೂಜಾಡಲು ಅಲ್ಲ. ಇಲ್ಲಿನ ಬಾಡಿಗೆ ಕಟ್ಟಲಾರದೆ ನಮ್ಮವರಲ್ಲಿ ಅರ್ಧ ಜನ ಹೋಗಿ ಸೇರಿಕೊಂಡಿರುವ ಮರಳುಗಾಡು ಅದು. ಆಂಟಿಯ ಮಗಳೂ ಅಲ್ಲಿದ್ದಾಳೆ. ಕೇದಗೆ ಮಾತ್ರ ಇಲ್ಲ. ಹೋಗುವ ಮುನ್ನ ಕೂಟಕ್ಕೊಂದು ದೊಡ್ಡ ಚಾಪೆ ಮುಗಿಸಿಕೊಡಬೇಕೆಂದು ನಮ್ಮೆಲ್ಲರ ಕೈಯಲ್ಲಿ ಹೆಣೆಸುತ್ತಿದ್ದರು. ಅದರ ಕೊನೆಯ ಅಂಚು ಮಡಚಿ ಮೂಲೆ ಮುಚ್ಚುವ ಬಗೆ ಅವರ ಮನೆತನದ್ದು. ಇವತ್ತು ಅದು ಅವರ ಹತ್ತು ಬೆರಳುಗಳಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಹೆಣಿಗೆ ಅಂಚಿಗೆ ಬಂದ ದಿನವೇ ಅದನ್ನು ಕಲಿಸುವುದು, ಅದಕ್ಕೆ ಮೊದಲಲ್ಲ. ಎರಡು ಮೊಳ ಬಾಕಿ ಇತ್ತು. ಎಲೆಯಿಲ್ಲದೆ ಈಗಲೂ ಆ ಎರಡು ಮೊಳ ಹಾಗೇ ಬಾಕಿ ಇದೆ.

ಒಂದು ಚೂರಿನ ಮೇಲೆ ಮೊದಲೇ ತೋರಿಸಿಬಿಡಿ ಎಂದು ನಾನು ಕೇಳಿದ್ದುಂಟು. ‘ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಬೇಕೇನೋ ನಿಂಗೆ?’ ಎಂದರು ಆಂಟಿ. ಪಕ್ಕದಲ್ಲಿದ್ದ ಸೊಲೊಮನ್ ಅಂಕಲ್, ನಿವೃತ್ತ ಬಸ್ ಚಾಲಕರು, ನನ್ನ ಸಾಲಿನತ್ತ ಒಮ್ಮೆ ನೋಡಿ, ‘ಲಹೇಲಾ, ಇವನು ಹೆಣೆದಿರೋದಕ್ಕೆ ಕುಲಾವಿ ಬೇಡ, ಬಾಚಣಿಗೆ ಸಾಕು’ ಎಂದರು. ಕಣ್ಣು ನೋಡಲಿ, ಕಿವಿ ಕೇಳಲಿ, ಬಾಯಿ ಮುಚ್ಚಿರಲಿ ಎನ್ನುವುದು ನಮ್ಮಲ್ಲಿ ವಿದ್ಯೆ ಕಲಿಯುವ ರೀತಿ. ಈ ಪತ್ರ ಅದರ ಉಲ್ಲಂಘನೆ. ಅದಕ್ಕೆ ಬೈಗುಳ ತಿನ್ನಲು ನಾನು ಸಿದ್ಧನಿದ್ದೇನೆ.

ಎಲೆ ಕತ್ತರಿಸಲು ತಾವು ಕಳಿಸಿದ ಕೈಪೋ ಲಹೇಲಾ ಆಂಟಿಯ ಅಣ್ಣನ ಮಗ. ಈ ಕರಾವಳಿಯಲ್ಲಿ ತಾವು ಯಾರನ್ನೇ ಕಳಿಸಿ, ಅವರು ಆಂಟಿಗೆ ಏನಾದರೊಂದು ಆಗಿಯೇ ಇರುತ್ತಾರೆ. ಎಲೆಗಳನ್ನು ತನ್ನ ಗಾಡಿಗೆ ಹಾಕಿಕೊಂಡು ಆಂಟಿಗೆ ಮುಟ್ಟಿಸುತ್ತೇನೆ ಎಂದು ಅವನು ಮೇಸ್ತ್ರಿಯನ್ನು ಬೇಡಿಕೊಂಡನಂತೆ. ಉದ್ಯಾನದ ಸೊತ್ತು ಖಾಸಗಿ ವಾಹನದಲ್ಲಿ ಹೋಗುವಂತಿಲ್ಲ ಎಂಬ ಉತ್ತರ ಬಂತು. ಗಮನಿಸಿ: ಮರದಲ್ಲಿದ್ದಾಗ ಕಸ, ನಾವು ಕೇಳಿದೊಡನೆ ಸರಕಾರಿ ಆಸ್ತಿ. ಹುಡುಗ ದಿಕ್ಕು ತೋಚದೆ ಆಂಟಿಗೆ ಫೋನ್ ಮಾಡಿದ. ಆಂಟಿ ಹಿಲೋ ಪಟ್ಟಣದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಒರಗಿದ್ದರು. ಬಾಯಲ್ಲಿದ್ದ ಹತ್ತಿ ತೆಗೆದು ಹೇಳಿದ್ದಿಷ್ಟು: ‘ಕೆಲಸ ಕಳ್ಕೋಬೇಡ ಕಣೋ, ಕತ್ತರಿಸು. ಆದ್ರೆ ಮರನ ಕೇಳಿ ಕತ್ತರಿಸು.’

ಅವನು ಒಂದೊಂದು ಮರದ ಮುಂದೆಯೂ ನಿಂತು ಕೇಳಿದ. ಕೆಲಸದ ವೇಳೆಯಲ್ಲಿ ಮರಗಳೊಂದಿಗೆ ಹರಟಿದ್ದಕ್ಕೆ ತಾವು ಅವನಿಂದ ವಿವರಣೆ ಕೇಳಿದ್ದೀರಿ. ವಿವರಣೆ ನಾನು ಕೊಡುತ್ತೇನೆ: ಈ ಇಡೀ ಪ್ರಕರಣದಲ್ಲಿ ಕತ್ತರಿಸುವ ಮುನ್ನ ಕೇಳಿದವನು ಅವನೊಬ್ಬನೇ.

ಆಮೇಲೆ ಆಂಟಿ, ಅಂಕಲ್ ಮತ್ತು ನಾನು ತಮ್ಮ ಕಚೇರಿಗೆ ಬಂದೆವು. ತಾವು ಸೌಜನ್ಯದಿಂದ ಕೂರಿಸಿದಿರಿ. ಹಸಿರೆಲೆ ಬೇಕಾದಷ್ಟಿದೆ, ಅದರಲ್ಲಿ ಹೆಣೆಯಿರಿ ಎಂದಿರಿ. ಹಸಿರಿನಲ್ಲಿ ಹೆಣೆದರೆ ಒಣಗಿ ಸೊರಗಿ ಸಂದು ಬಿಟ್ಟ ಮೇಲೆ ಅದರಲ್ಲಿ ಮೀನು ಹಿಡಿಯಬಹುದು ಎಂದರು ಅಂಕಲ್. ಹಾಗಾದರೆ ಮರದಲ್ಲಿ ಮತ್ತೆ ಒಣಗುವವರೆಗೆ ಕಾಯಿರಿ ಎಂದಿರಿ. ವಿಮಾನ ಕಾಯುವುದಿಲ್ಲವೆಂದಾಗ, ಒಂದು ವೀಡಿಯೊ ಮಾಡಿಟ್ಟುಕೊಳ್ಳಿ ಎಂದಿರಿ. ಯಾವುದರ ವೀಡಿಯೊ, ಮಾನ್ಯರೇ? ಇಲ್ಲದ ಅಂಚನ್ನು ಮಡಚುತ್ತಿರುವ ಬರಿಗೈಗಳದ್ದೇ? ಕೊನೆಗೆ ಪರಿಹಾರವೆಂದು ಅಂಗಡಿಯ ಪ್ಲಾಸ್ಟಿಕ್ ಚಾಪೆಯೊಂದನ್ನು ತರಿಸಿಕೊಟ್ಟಿರಿ. ಅದರ ಮೇಲೆ ಕೇದಗೆ ಹೆಣಿಗೆಯದೇ ಅಚ್ಚು. ತೊಳೆಯಬಹುದು ಎಂಬ ಚೀಟಿ ಬೇರೆ. ಆಂಟಿ ಅದನ್ನು ಎರಡೂ ಕೈಯಲ್ಲಿ ಪಡೆದು, ಬದಿಯನ್ನು ಬೆರಳಲ್ಲಿ ತಡವಿದರು.

‘ಪಾಪ, ಇದಕ್ಕೆ ಅಂಚೇ ಇಲ್ಲ ಮಗಾ. ಬರೀ ಕತ್ತರಿಸಿ ಬಿಟ್ಟಿದಾರೆ.’

ಅದು ವ್ಯಂಗ್ಯವಾಗಿರಲಿಲ್ಲ. ವ್ಯಂಗ್ಯ ನನ್ನ ಕಸುಬು. ಆಂಟಿಗೆ ಆ ಚಾಪೆಯ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತ್ತು.

ಏಳುವಾಗ ತಮ್ಮ ಕುರ್ಚಿಯ ಹಿಂದಿನ ಕಿಟಕಿಯತ್ತ ನಮ್ಮ ಕಣ್ಣು ಹೋಯಿತು. ತಮಗೆ ಬೆನ್ನಿರುವ ಕಡೆಯಾದ್ದರಿಂದ ತಾವು ನೋಡಿರಲಾರಿರಿ. ಕಚೇರಿಯ ಹಿತ್ತಿಲಲ್ಲಿ, ಬೀಗ ಜಡಿದ ಗೇಟಿನೊಳಗೆ, ಒಂದು ಕೇದಗೆ ತೋಪಿದೆ. ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಒಣ ಎಲೆ ನೆಲ ಮುಟ್ಟುವಷ್ಟು ಇಳಿಬಿದ್ದಿದೆ. ಈ ಕರಾವಳಿಯ ಅತ್ಯಂತ ಕೊಳಕು ತೋಪು ಸೌಂದರ್ಯ ಇಲಾಖೆಯದು ಎಂದು ವರದಿ ಮಾಡಲು ನನಗೆ ಅಪಾರ ಹರ್ಷವಾಗುತ್ತದೆ. ಮೆಟ್ಟಿಲಿಳಿದ ಮೇಲೆ ಆಂಟಿ ನನ್ನ ತೋಳು ಹಿಡಿದು, ‘ಎರಡು ಮೊಳ ಆರಾಮಾಗಿ ಬರುತ್ತೆ ಕಣೋ’ ಎಂದರು.

ಆದ್ದರಿಂದ ನಮ್ಮ ಬೇಡಿಕೆ: ಬರುವ ಶನಿವಾರ ಬೆಳಿಗ್ಗೆ ಆ ಗೇಟಿನ ಬೀಗ ತೆಗೆಸಿ. ತಮ್ಮ ಹಿತ್ತಿಲನ್ನು ನಾವು ಚೊಕ್ಕಟ ಮಾಡಿಕೊಡುತ್ತೇವೆ. ಮರಗಳನ್ನು ಕೇಳುವ ಕೆಲಸ ನಮಗಿರಲಿ. ತಮ್ಮನ್ನು ಈ ಮೂಲಕ ಕೇಳಿದ್ದಾಯಿತು. ಕೈಪೋಗೆ ಕೊಟ್ಟ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಕಳೆದದ್ದು ಕಳೆಯಿತು, ಇನ್ನು ಮುಂದೆ ಕರಾವಳಿಯ ಯಾವುದೇ ಕೇದಗೆಗೆ ಕತ್ತರಿ ಹಾಕುವ ಮುನ್ನ ಚಪ್ಪರದಡಿ ಬಂದು ಒಂದು ಮಾತು ಹೇಳಿ. ಪ್ರಶಂಸಾಪತ್ರಕ್ಕೆ ಅವಸರವಿಲ್ಲ. ಅಂಚು ಮಡಚುವ ದಿನ ತಾವೂ ಬಂದು ಕುಳಿತರೆ ಒಬ್ಬರು ಹೆಚ್ಚು ಕಲಿತಂತಾಯಿತು. ತಿನ್ನಲು ಏನಾದರೂ ತನ್ನಿ.

ಇಂತಿ,
ತಮ್ಮ ಹಿತ್ತಿಲಿನ ಕಸಕ್ಕೆ ಆಸೆಪಟ್ಟು ಕುಳಿತಿರುವ,
ಶನಿವಾರದ ಕೂಟದ ಅತಿ ಕೆಟ್ಟ ಹೆಣಿಗೆಗಾರ,
ಹೆನ್ರಿ ನಾಹಾಲೆ

ಪತ್ರಿಕೆಯ ಓದುಗರಲ್ಲಿ ಒಂದು ಮಾತು: ನಿಮ್ಮಲ್ಲಿ ಯಾರಿಗಾದರೂ ಪಿಕಪ್ ಗಾಡಿ ಇದ್ದರೆ ಶನಿವಾರ ಬೆಳಿಗ್ಗೆ ತನ್ನಿ. ಟಾರ್ಪಾಲೂ ಇರಲಿ, ಎಲೆ ನೆನೆಯಬಾರದು. ಮುಂದಿನ ಸೀಟಿನ ಸಾಮಾನನ್ನೆಲ್ಲ ಹಿಂದಕ್ಕೆ ಹಾಕಿಡಿ. ಅಲ್ಲಿ ಆಂಟಿ ಕೂರಬೇಕು.